ಒಣಗಿಸಿದ ಕಟ್ಟಿಗೆ

ಕೆಂಗುಡ್ಡದ ಚೌಕೀದಾರ ಕಾಶಿರಾಮ. ಸರಕಾರದ ಕಾಗದದಲ್ಲಿ ಹಾಗೆ ಇತ್ತು. ಹುಮನಾಬಾದದಿಂದ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ, ರಾಜೇಶ್ವರ ಇನ್ನೂ ಒಂದು ಹರದಾರಿ ಇರುವಾಗ ಬಲಕ್ಕೆ ಕಾಣುವ ಗುಡ್ಡ ಅದು. ಸುತ್ತಲಿನ ನೆಲವೆಲ್ಲ ಹೊಲವಾಗಿ ಹೋಗಿತ್ತು. ಯಾರೂ ನೆಡದೆ ತಾನಾಗಿ ಹುಟ್ಟಿದ ದಿಂಡಿಲ, ಮುತ್ತಲ, ಕಾರಿಕಂಟಿ ಉಳಿದದ್ದು ಆ ಕಲ್ಲುಗುಡ್ಡದ ಮೇಲೆ ಮಾತ್ರ. ಅದನ್ನು ಕಾಯುವುದಕ್ಕೆ ಕಾಶಿರಾಮನಿಗೆ ಒಂದು ಖಾಕಿ ಕೋಟು, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಕೊಟ್ಟಿದ್ದರು.

ಮೂವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಹಿಂದಿನ ವರ್ಷ ಕುಡಿದ ಮೆಟ್ಟಿಲುಬಾವಿಯ ನೀರಿನಿಂದ ಅವನ ಮೊಣಕಾಲಿನ ಬಳಿ ನಾರುಹುಣ್ಣು ಎದ್ದಿತು. ಹುಣ್ಣಿನಿಂದ ಹೊರಬಂದ ನೂಲಿನಂಥ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯುತ್ತ ಎರಡು ತಿಂಗಳು ಮಲಗಿದ. "ನಾಕ ದಿನ ನೀನೇ ಒಂದು ಸುತ್ತು ಹೋಗಿ ಬಾ" ಎಂದು ಹೆಂಡತಿ ಗಯಾಬಾಯಿಗೆ ಹೇಳಿದ. ಹುಳು ತುಂಡಾಗಿ ಒಳಗೇ ಉಳಿಯಿತು. ಕಾಲು ಮಡಚದಾಯಿತು. ನಾಲ್ಕು ದಿನ ಹತ್ತು ವರ್ಷವಾಯಿತು.

ಜೋಳ ಬೀಸಿ, ನೀರು ತಂದು, ರೊಟ್ಟಿ ಬಡಿದು, ಗಂಡನ ಕಾಲಿಗೆ ಎಣ್ಣೆ ತಿಕ್ಕಿ, ಆಮೇಲೆ ಗುಡ್ಡ. ಗುಡ್ಡದಿಂದ ಇಳಿದರೆ ಮತ್ತೆ ನೀರು, ಮತ್ತೆ ಒಲೆ. ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಕೆಂಪು ಮಣ್ಣು ಕೂತಿರುತ್ತಿತ್ತು. ಅದನ್ನು ಯಾರೂ ನೌಕರಿ ಎನ್ನಲಿಲ್ಲ. ಅಂಗಳ ಗುಡಿಸಿದ ಹಾಗೆ ಅದೂ ಅವಳ ಪಾಲಿನದು ಎಂದುಕೊಂಡರು. ಜಂಗಲು ಇಲಾಖೆಯ ದಾರೋಗಾ ತಪಾಸಣೆಗೆ ಬರುವ ದಿನ ಮಾತ್ರ ಕಾಶಿರಾಮ ಕೋಟು ತೊಟ್ಟು ಗುಡ್ಡದ ಬುಡದಲ್ಲಿ ನಿಲ್ಲುತ್ತಿದ್ದ.

ಹಸಿ ಗಿಡಕ್ಕೆ ಕುಡಗೋಲು ತಾಗಿಸಬಾರದು, ಒಣಗಿದ್ದನ್ನು ವಾರಕ್ಕೊಂದು ಹೊರೆ ಒಯ್ಯಬಹುದು: ಇದು ಹುಕುಂ. ಗಯಾಬಾಯಿ ಅದನ್ನು ಊರ ಹೆಂಗಸರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು.

ನಲವತ್ತೆರಡರ ಮಾಘದಲ್ಲಿ ಬಡಗಣ ಇಳಿಜಾರಿನ ದಿಂಡಿಲ ಗಿಡಗಳು ನಿಂತಲ್ಲೇ ಒಣಗತೊಡಗಿದವು. ಗೆದ್ದಲೆಂದು ಹುಲ್ಲು ಸರಿಸಿ ನೋಡಿದರೆ, ಬೊಡ್ಡೆಯ ಸುತ್ತ ಗೇಣಗಲ ತೊಗಟೆ ಸುಲಿದಿದ್ದರು. ಸುಲಿದಲ್ಲಿನ ಬಿಳುಪು ದೂರಕ್ಕೆ ಕಾಣದಿರಲೆಂದು ಸೆಗಣಿ ಬಳಿದಿದ್ದರು. ಇಪ್ಪತ್ತೇಳು ಗಿಡ. ಯುಗಾದಿ ಕಳೆದರೆ ದಾರೋಗಾ ಮೊಹಿನುದ್ದೀನ್ ತಪಾಸಣೆಗೆ ಬರುತ್ತಾನೆ. ಹೀಗೇ ಬಿಟ್ಟರೆ ಗುಡ್ಡ ಬೋಳಾಗುತ್ತದೆ, ಗಂಡನ ನೌಕರಿಯೂ ಉಳಿಯುವುದಿಲ್ಲ.

ಅವಳು ಸೆಗಣಿಯನ್ನು ನೋಡುತ್ತ ಕುಳಿತಳು. ಬೆರಳಿನ ಗೆರೆಗಳು ಒಣಗಿ ಉಳಿದಿದ್ದವು. ಪ್ರತಿ ಗಿಡದಲ್ಲೂ ನಡುವೆ ಒಂದು ಗೆರೆ ಇರಲಿಲ್ಲ. ದನಕ್ಕೆ ಜೋಳದ ಕಣಿಕೆ ಕೊಚ್ಚುವಾಗ ನಡುಬೆರಳು ಕಳೆದುಕೊಂಡವಳು ಊರಲ್ಲಿ ಒಬ್ಬಳೇ, ಪಕ್ಕದ ಮನೆಯ ಸರುಬಾಯಿ. ಅವಳು ಸಾರಿಸಿದ ನೆಲದ ಮೇಲೆ ಗಯಾಬಾಯಿ ದಿನಾ ಕೂರುತ್ತಿದ್ದಳು.

"ಸರೂ, ಗುಡ್ಡ ಸಾರಸಾಕ ಯಾವಾಗ ಹೋಗಿದ್ದಿ?"

ಒಲೆ ಊದುತ್ತಿದ್ದ ಸರುಬಾಯಿ ಕೊಳವೆ ಕೆಳಗಿಟ್ಟಳು. "ಯಾರ ಹೇಳಿದ್ರು?"

"ನಿನ್ನ ಕೈನೇ ಹೇಳ್ತು."

"ಹಂಗಾರ ಕಟ್ಟಿ ಒಯ್ಯಿ ಬಾ, ಚೌಕೀದಾರ್ನಿ. ಎರಡು ರೊಟ್ಟಿ ಉಳದಾವ, ಬಡದು ಬರ್ತೀನಿ."

"ಇಪ್ಪತ್ತೇಳು ಗಿಡ ಕೊಂದಿಯಲ್ಲವ್ವ!"

"ಸುಲಿಯೋದು ಎಲ್ಲಾರೂ, ಬಳಿಯೋದು ನಾ ಅಷ್ಟೆ. ನೀನೇ ಹೇಳಿದಿ, ಹಸಿದು ಮುಟ್ಟಬ್ಯಾಡ್ರಿ, ಒಣಗಿದ್ದು ಒಯ್ರಿ ಅಂತ. ಹುಕುಂ ಎಲ್ಲಿ ಮೀರೀವಿ? ಒಣಗಿಸಿ ಒಯ್ಯಾಕತ್ತೀವಿ."

ಗಯಾಬಾಯಿಗೆ ನಗು ಬಂತು. ನಗುತ್ತಲೇ ಹೊಸ್ತಿಲ ಮೇಲೆ ಕುಳಿತಳು.

"ತೊಗರಿಕಟ್ಟಿಗಿ ಹೊಲದ ಮಾಲಕ ಒಯ್ತಾನ" ಎಂದಳು ಸರುಬಾಯಿ. "ಒಲ್ಯಾಗ ಏನ ಹಾಕ್ಲಿ, ನಿನ್ನ ಗಂಡನ ಬಿಲ್ಲಿ?"

ಟೊಂಗೆ ಕಡಿದ ದಿಂಡಿಲ ಮತ್ತೆ ಚಿಗುರುತ್ತದೆ, ತೊಗಟೆ ಸುಲಿದದ್ದು ಚಿಗುರುವುದಿಲ್ಲ. ಹತ್ತು ವರ್ಷ ಗುಡ್ಡ ತಿರುಗಿ ಇಷ್ಟು ಗಯಾಬಾಯಿ ಕಂಡಿದ್ದಳು.

"ಹಸಿ ಟೊಂಗಿ ಕಡೀರಿ" ಎಂದಳು. "ಮುಂಗೈಗಿಂತ ದಪ್ಪ ಬ್ಯಾಡ. ಬೊಡ್ಡಿ ಮುಟ್ಟಬ್ಯಾಡ್ರಿ. ಗುಡ್ಡದ ಒಂದು ಕಡಿ ಕಡದ್ರ ಮತ್ತ ಮೂರು ವರ್ಷ ಆ ಕಡಿ ಹಾಯಬ್ಯಾಡ್ರಿ. ಮನ್ಯಾಗ ಒಣಗಿಸ್ಕೋರಿ."

"ದಾರೋಗಾ ನೋಡಿದ್ರ?"

"ನೋಡ್ತಾನ."

ವಿಷಯ ಕಿವಿಗೆ ಬಿದ್ದಾಗ ಕಾಶಿರಾಮ ಕೂಗಾಡಿದ. "ನನ್ನ ನೌಕರಿ ತಿಂತಿ ನೀ!"

"ಯಾವ ನೌಕರಿರಿ? ಗುಡ್ಡದ ಆ ಕಡಿ ಹಳ್ಳ ಅದನೋ ಬಾವಿ ಅದನೋ, ಹೇಳ್ರಿ ನೋಡೂಣು."

ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವಳು ಎಣ್ಣೆ ಬಟ್ಟಲು ತಂದು ಕಾಲು ತಿಕ್ಕಿದಳು. ಅದಂತೂ ತಪ್ಪುವ ಹಾಗಿರಲಿಲ್ಲ.

ಯುಗಾದಿ ಕಳೆದ ಐದನೆಯ ದಿನ ದಾರೋಗಾ ಬಂದ. ಕುದುರೆ ಇಳಿದು ನಡೆದೇ ನೋಡಿದ. ಕಡಿದ ಟೊಂಗೆಗಳ ಬುಡದಲ್ಲಿ ಕೆಂಪು ಚಿಗುರು ಒಡೆದಿತ್ತು. ಸುಲಿದ ಇಪ್ಪತ್ತೇಳು ಸತ್ತು ನಿಂತಿದ್ದವು. ಇಪ್ಪತ್ತೆಂಟನೆಯದು ಇರಲಿಲ್ಲ.

"ಹಸಿ ಟೊಂಗಿ ಕಡದವರು ಯಾರು?"

ಕೋಟು ತೊಟ್ಟು ನಿಂತಿದ್ದ ಕಾಶಿರಾಮ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ಸರುಬಾಯಿಯ ಹೆಸರು ಹೇಳಿದರೆ ಕೋಟು ಉಳಿಯುತ್ತಿತ್ತು.

"ನಾನೇ ಕಡೀರಿ ಅಂದೀನ್ರಿ, ಸಾಬ್ರ" ಎಂದಳು ಗಯಾಬಾಯಿ. "ಬೊಡ್ಡಿ ಸುಲಿಯೋದು ನಿಲ್ಲಲಿ ಅಂತ. ನಿಂತದ, ನೋಡ್ರಿ."

ಮೊಹಿನುದ್ದೀನ್ ಚಿಗುರನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನು ಕೆಟ್ಟವನಲ್ಲ. "ಖರೆ ಅದ ಬಾಯಿ" ಎಂದ. "ಆದ್ರ ನಿನ್ನ ಮ್ಯಾಲ ಏನಂತ ಬರೀಲಿ? ನಿನ್ನ ಹೆಸರೇ ದಫ್ತರದಾಗ ಇಲ್ಲ."

ಹೆಸರು ಇದ್ದವನ ಮೇಲೆ ಬರೆದ. ಕಾಶಿರಾಮ ಅಲ್ಲೇ ಕೋಟು ಬಿಚ್ಚಿ ಬಿಲ್ಲೆ ಸಮೇತ ಒಪ್ಪಿಸಿದ.

ಹೊಸ ಚೌಕೀದಾರ ಆ ತಿಂಗಳು ಬರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಮುಗಿಸಿ, ಇನ್ನು ಗುಡ್ಡ ತನ್ನದಲ್ಲವೆಂದು ಗಯಾಬಾಯಿ ಪಡಸಾಲೆಯಲ್ಲಿ ಸೆರಗು ಹಾಸಿ ಮಲಗಿದಳು. ಹಗಲಲ್ಲಿ ಮಲಗಿ ಎಷ್ಟು ವರ್ಷವಾಗಿತ್ತೋ. ಬೆನ್ನು ನೆಲಕ್ಕೆ ತಾಗುತ್ತಲೇ ನಾಲ್ಕು ಹೆಂಗಸರು ಕುಡಗೋಲು ಹಿಡಿದು ಬಾಗಿಲಿಗೆ ಬಂದು ನಿಂತರು. ಮುಂದೆ ಸರುಬಾಯಿ.

"ಚೌಕೀದಾರ್ನಿ, ಇವತ್ತ ಯಾವ ಕಡಿ?"

"ನಾ ಈಗ ಯಾರೂ ಅಲ್ಲವ್ವ, ಹೋಗ್ರಿ."

"ಮೊದಲರ ಯಾರಿದ್ದಿ? ಹೇಳ ಜಲ್ದಿ, ಬಿಸಲ ಏರಾಕತ್ತದ."

ಹೇಳದಿದ್ದರೆ ಹತ್ತಿರದ ಗಿಡವನ್ನೇ ಹಿಡಿಯುತ್ತಾರೆ, ಹೋದ ತಿಂಗಳು ಕಡಿದದ್ದನ್ನೇ ಮತ್ತೆ ಕಡಿಯುತ್ತಾರೆ. ಗಯಾಬಾಯಿ ಒಂದು ಕೈ ನೆಲಕ್ಕೆ, ಒಂದು ಕೈ ಮೊಣಕಾಲಿಗೆ ಊರಿ ಎದ್ದಳು.

"ಮೂಡಣ ಕಡಿ. ನಿಲ್ರಿ, ತೋರಸ್ತೀನಿ."