ಇಳಿಜಾರಿನಲ್ಲಿ ಕುಂಟಿದ ತಾಳ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಮೆಟ್ರೊನೋಮ್ ಕೈಗೆ ಸಿಕ್ಕಿತು. ಕೀಲಿ ಕೊಟ್ಟರೆ ಕಡ್ಡಿ ಎಡಕ್ಕೂ ಬಲಕ್ಕೂ ತೂಗಿ, ಟಕ್ ಟಕ್ ಎಂದು ಲಯ ಹೇಳಿಕೊಡುವ ಮರದ ಪೆಟ್ಟಿಗೆ. ಬುಡದಲ್ಲಿ ಮಡಿಸಿದ ಬಸ್ ಟಿಕೆಟ್ಟೊಂದು ಇನ್ನೂ ಅಂಟಿಕೊಂಡಿತ್ತು. ಅದರ ಕಥೆ ಹೇಳಿದರೆ ನನ್ನ ಮಾನ ಹೋಗುತ್ತದೆ, ಹೋಗಲಿ, ಕೇಳಿ.

ತೊಂಬತ್ತರ ದಶಕ. ಹಗಲು ವಿಮಾ ಕಚೇರಿಯ ಕೆಲಸ, ಸಂಜೆ ಕುಕ್ ಟೌನಿನ ಡೋರಾ ಟೀಚರ ಬಳಿ ಪಿಟೀಲು ಪಾಠ. ನನ್ನ ಕಿವಿಯ ಬಗ್ಗೆ ನನಗೆ ಭಾರೀ ಜಂಬ. ಲಯ ಮಾತ್ರ ಬಾಣಸವಾಡಿಯ ಕೊನೆಯ ಬಸ್ಸು ಹಿಡಿಯುವವಳಂತೆ ಓಡುತ್ತಿತ್ತು. ಕ್ರಿಸ್‌ಮಸ್ ಕಾರ್ಯಕ್ರಮದ ವಾದ್ಯವೃಂದದಲ್ಲಿ ನನಗೊಂದು ಕುರ್ಚಿ ಕೊಡುತ್ತೇನೆಂದಿದ್ದ ಟೀಚರ್, ಈ ಪೆಟ್ಟಿಗೆ ಕೊಟ್ಟು, "ಒಂದ್ ತಿಂಗ್ಳು ಇದ್ರ ಜೊತೆ ನುಡ್ಸು ಮಾ," ಎಂದರು.

ಹಜಾರದ ನೆಲದ ಮೇಲೆ ಅದನ್ನಿಟ್ಟುಕೊಂಡು ದಿನವೂ ನುಡಿಸಿದೆ. ಎರಡನೆಯ ದಿನವೇ ಅತ್ತೆ ಅಡುಗೆಮನೆಯಿಂದ ಕೂಗಿದರು: "ನಿನ್ ಪೆಟ್ಟಿಗೆ ಕುಂಟ್ತಿದೆ ಕಣೇ!"

"ಅದು ಜರ್ಮನೀದು ಅತ್ತೆ, ಕುಂಟಲ್ಲ," ಎಂದೆ. ಸಾರಿಗೆ ಒಗ್ಗರಣೆ ಹಾಕುವವರಿಗೆ ಸಂಗೀತವೇನು ಗೊತ್ತು ಎಂದುಕೊಂಡೆ. ಎಂಥ ಕೊಬ್ಬು ನೋಡಿ!

ತಿಂಗಳಾದ ಮೇಲೆ ಟೀಚರ್ ಮುಂದೆ ನುಡಿಸಿದೆ. ಅವರು ಕನ್ನಡಕ ತೆಗೆದರು. "ಏನ್ ಮಾ ಇದು, ನಿನ್ ಪಿಟೀಲ್ಗೆ ಕಾಲ್ನೋವಾ? ಶನಿವಾರಕ್ಕೆ ಸರಿಹೋಗ್ಲಿಲ್ಲ ಅಂದ್ರೆ ಚೇರು ಬೇರೆಯವ್ರಿಗೆ."

ಮನೆಗೆ ಬಂದು ಅತ್ತುಬಿಟ್ಟೆ. ಅತ್ತೆ ನನ್ನ ಕೈಯಲ್ಲಿದ್ದ ಬಸ್ ಟಿಕೆಟ್ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಯ ಒಂದು ಬದಿಗೆ ತುರುಕಿದರು. ಟಕ್, ಟಕ್, ಟಕ್. ಕುಂಟು ಮಾಯ!

"ತೊಳೆದ ನೀರು ನಿಲ್ಬಾರ್ದು ಅಂತ ಗಾರೆಯವನ ತಲೆ ಮೇಲೆ ಕೂತು ಈ ನೆಲಾನ ಇಳಿಜಾರು ಮಾಡ್ಸಿದ್ದು ನಾನೇ ಅಲ್ವೇನೇ? ಓರೆಯಾಗಿ ನಿಂತದ್ದು ನೆಟ್ಟಗೆ ಹೆಂಗ್ ತೂಗುತ್ತೆ?" ಎಂದರು.

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆದರೆ ನಾಲ್ಕು ದಿನ ಬಿಡದೆ ನುಡಿಸಿ, ಕುರ್ಚಿ ಉಳಿಸಿಕೊಂಡೆ. ಕಾರ್ಯಕ್ರಮದ ದಿನ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು.

ಈಗ ಅತ್ತೆ ಇಲ್ಲ. ಮೊನ್ನೆ ಪೆಟ್ಟಿಗೆಯನ್ನು ಅದೇ ಹಜಾರದಲ್ಲಿ, ಅದೇ ಟಿಕೆಟ್ಟಿನ ಮೇಲೆ ಕೂರಿಸಿ ನುಡಿಸುತ್ತಿದ್ದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಸೊಸೆ ಕೂಗಿದಳು: "ಅತ್ತೆ, ಸ್ವಲ್ಪ ಓಡ್ತಿದ್ದೀರ ಅನ್ಸುತ್ತೆ!"

ಕಮಾನು ಕೆಳಗಿಟ್ಟೆ. "ಎಲ್ಲಿ ಓಡ್ದೆ? ಇಲ್ಲಿ ಬಂದು ಕೂತ್ಕೊಂಡು ಹೇಳಮ್ಮ," ಎಂದೆ.