ಬೆಳಕಿಗೆ ಹಿಡಿದ ಸ್ಯಾಂಡ್‌ವಿಚ್

ನಾಗಭೂಷಣ ಸ್ಯಾಂಡ್‌ವಿಚ್ಚನ್ನು ಬಾಯಿಗಿಡುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಅವರಿಗೆ ಕನ್ನಡಕದ ಅಂಗಡಿ. ಗಾಜನ್ನು ನೋಡಿ ನೋಡಿ ಬಂದ ಅಭ್ಯಾಸವಿರಬೇಕು. ನೋಡಿ, ಒಂದು ತುತ್ತು ಕಚ್ಚಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರೆ ದೂರದಲ್ಲೆಲ್ಲೋ ಯಾರೋ ಹಾಡುವುದನ್ನು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂಸಿಯಿಂದ ಬಂದವನು ನಾನು. ಲೋಟ ತೊಳೆದು, ತರಕಾರಿ ಹೆಚ್ಚಿ, ಮಲವಗೊಪ್ಪದ ಈ ಫ್ಯಾಮಿಲಿ ರೆಸ್ಟೋರೆಂಟಿನ ಒಲೆಯನ್ನು ನನ್ನದು ಮಾಡಿಕೊಂಡವನು. ನನ್ನ ಕೆಲಸವನ್ನು ಯಾರಾದರೂ ತಿದ್ದಿದರೆ ರೇಗುತ್ತದೆ. ನಾಗಭೂಷಣರು ಅಡುಗೆಮನೆ ಕಿಂಡಿಯ ಪಕ್ಕದ ಟೇಬಲ್ಲಿನಲ್ಲೇ ಕೂತು, ಸಪ್ಲೈಯರನ್ನು ಬಿಟ್ಟು ನೇರವಾಗಿ ನನಗೇ ಹೇಳುತ್ತಿದ್ದರು.

"ಈರುಳ್ಳಿ ಬೇಡ. ಸೌತೆಕಾಯಿ ಇರಲಿ, ತಿರುಳು ತೆಗೀರಿ. ಚಟ್ನಿ ಒಂದೇ ಕಡೆ. ಬ್ರೆಡ್ ಬಿಸಿಯಾಗ್ಲಿ, ಕೆಂಪಾಗೋದು ಬೇಡ. ಟೊಮೆಟೊ ಬ್ರೆಡ್ಡಿಗೆ ತಾಗಬಾರದು."

"ಮತ್ತೆ ಎಲ್ಲಿಡ್ಲಿ ಸಾರ್, ಗಾಳೀಲಾ?"

"ಎರಡು ಸೌತೆಕಾಯಿ ನಡುವೆ ಇಡಿ ಮಾರಾಯ್ರೆ. ಬೆಚ್ಚಗಿರುತ್ತೆ, ಪಾಪ."

ನಗು ತಡೆದುಕೊಂಡೇ ಮಾಡಿಕೊಡುತ್ತಿದ್ದೆ.

ಅವರ ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರ ಈಗ ಮನೆ ಬಿಟ್ಟು ಹೋಟೆಲ್ಲಿಗೆ ಬಂದಿದೆ. ಶಿವಮೊಗ್ಗದವರಿಗೂ ಭದ್ರಾವತಿಯವರಿಗೂ ನಮ್ಮದು ನಡುದಾರಿ. ಒಪ್ಪಿಗೆಯಾಗದಿದ್ದರೆ ಬಿಲ್ ಕೊಟ್ಟು ಎದ್ದರಾಯಿತು. ನಾಗಭೂಷಣರು ಹುಡುಗಿ ಕಡೆಯವರ ಮುಂದೆಯೂ ಒಂದಕ್ಷರ ಬಿಡದೆ ಹಾಗೇ ಆರ್ಡರ್ ಮಾಡುತ್ತಿದ್ದರು. ಒಮ್ಮೆ ಹುಡುಗಿಯ ಸೋದರಮಾವ ಕೈ ತೊಳೆಯುತ್ತ, "ಸ್ಯಾಂಡ್‌ವಿಚ್ಚಿಗೇ ಇಷ್ಟು ಕಂಡೀಷನ್ನು. ನಮ್ಮ ಹುಡುಗಿಗೆ ಎಷ್ಟು ಹಾಕ್ತಾನೋ" ಎಂದದ್ದು ನನ್ನ ಕಿವಿಗೇ ಬಿತ್ತು. ಆ ಸಂಬಂಧ ಮುರಿಯಿತು. ಮುಂದಿನದೂ.

ನನಗೇ ತಡೆಯದೆ ಹೇಳಿದೆ: "ಸಾರ್, ಮುಂದಿನ ಸಲ ಬಾಯ್ಮುಚ್ಕೊಂಡು ಮಸಾಲೆ ದೋಸೆ ತಿಂದ್ಬಿಡಿ. ಮದುವೆ ಆದ್ಮೇಲೆ ನಿಮ್ಮಿಷ್ಟ."

"ಆದ್ಮೇಲೆ ಬೆಳಿಗ್ಗೆ ತಿಂಡಿಗೆ ಅವರೆದುರು ಕೂರೋನು ನಾನೇ ಅಲ್ವಾ? ಬೇರೆಯವನನ್ನ ತೋರಿಸಿ, ನಾನು ಹೋಗಿ ಕೂತ್ಕೊಳ್ಳೋದು ಹೇಗೆ?"

ಒಂಟಿಯಾಗಿರಲು ಇಷ್ಟವಿದ್ದ ಮನುಷ್ಯ ಅವರಲ್ಲ. ಪ್ರತಿ ಸಲವೂ ಇಸ್ತ್ರಿ ಮಾಡಿದ ಅದೇ ತಿಳಿನೀಲಿ ಶರ್ಟು ಹಾಕಿಕೊಂಡು, ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಬಾಗಿಲು ನೋಡುತ್ತ ಕೂರುತ್ತಿದ್ದರು.

ಕೊನೆಯದಾಗಿ ಬಂದವರು ಭದ್ರಾವತಿಯವರು. ಹುಡುಗಿ ಶಾರದಾ, ಶಾಲೆಯಲ್ಲಿ ಟೀಚರ್. ಜೊತೆಗೆ ಕಾರ್ಖಾನೆಯಿಂದ ರಿಟೈರಾದ ಅವರಪ್ಪ. ಸಂಜೆಯ ಬಿಸಿಲು ಗದ್ದೆಯ ಮೇಲಿಂದ ಹಾದು ಟೇಬಲ್ಲಿನ ನೀರಿನ ಲೋಟದೊಳಗೆ ಬಂದು ಕೂತಿತ್ತು. ನಾಗಭೂಷಣರು ಆರ್ಡರ್ ಮುಗಿಸಿದರು. ಅಪ್ಪನ ಮುಖ ಬಿಗಿಯಾಯಿತು.

"ಮನೇಲಿ ಇದನ್ನೆಲ್ಲ ಯಾರಪ್ಪ ಮಾಡ್ಬೇಕು? ನಮ್ಮ ಹುಡುಗೀನಾ?"

"ನಾನೇ ಮಾಡ್ಕೋತೀನಿ ಸಾರ್. ಅವರಿಗೂ ಮಾಡ್ತೀನಿ." ಆಮೇಲೆ ಅವಳ ಕಡೆ ತಿರುಗಿ, "ನಿಮಗೆ ಹೇಗೆ ಬೇಕು?" ಎಂದರು.

ನಾನು ಬ್ರೆಡ್ಡು ಹಿಡಿದುಕೊಂಡು ಕಿಂಡಿಯಲ್ಲಿ ನಿಂತಿದ್ದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ಗೋಡೆಯ ಮೇಲೆ ನೀರಿನ ಬೆಳಕು ನಡುಗುತ್ತಿತ್ತು.

"ಯಾರೂ ಕೇಳಿಲ್ಲ ಇದನ್ನ," ಎಂದಳು ಮೆಲ್ಲಗೆ. "ಹಾಗಾಗಿ ನಂಗೆ ಗೊತ್ತಿಲ್ಲ."

"ನಿಧಾನಕ್ಕೆ ಯೋಚ್ನೆ ಮಾಡಿ. ಅವರು ಕಾಯ್ತಾರೆ," ಎಂದು ನಾಗಭೂಷಣರು ನನ್ನನ್ನು ತೋರಿಸಿದರು.

ಕಾದೆ. ನನ್ನ ಕೆಲಸದಲ್ಲಿ ಯಾರಿಗೂ ಅಷ್ಟು ಕಾದವನಲ್ಲ. ಕಡೆಗೆ ಅವಳು, "ಅಂಚು ಸ್ವಲ್ಪ ಸೀದಿರ್ಬೇಕು" ಎಂದಳು. ಅವರಪ್ಪ ಮಗಳನ್ನು ಆಗಷ್ಟೇ ಪರಿಚಯವಾದವಳಂತೆ ನೋಡಿ, "ಹೌದೇನಮ್ಮ?" ಎಂದರು.

ಹೊರಡುವಾಗ ನಾಗಭೂಷಣರು ಕಿಂಡಿಯ ಹತ್ತಿರ ಬಂದರು. "ಒಪ್ಪಿದ್ರು. ಇನ್ನು ಇಲ್ಲಿಗೆ ಬರೋದು ಕಷ್ಟ, ಮನೇಲೇ ಇಬ್ಬರಿಗೂ ಮಾಡ್ಬೇಕಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ಕೈ ಸುಟ್ಕೋಬೇಡಿ ಸಾರ್" ಎಂದೆ.

ಆಮೇಲೆ ಅವರು ಬಂದಿಲ್ಲ. ಆ ಟೇಬಲ್ಲಿಗೆ ಈಗ ಫೋನ್ ನೋಡುತ್ತ, "ಏನಾದ್ರೂ ಕೊಡಿ" ಎನ್ನುವವರು ಬರುತ್ತಾರೆ. ಕೊಡುತ್ತೇನೆ. ತಿಂದು ಏಳುತ್ತಾರೆ. ಏನು ತಿಂದರೆಂದು ಅವರಿಗೂ ನೆನಪಿರುವುದಿಲ್ಲ, ಯಾರಿಗೆ ಮಾಡಿದೆನೆಂದು ನನಗೂ.