ಟೈರಿನೊಳಗಿನ ಪಟ್ಟಿ

ಆಗೆಲ್ಲ ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳ. ಸೈಕಲ್ಲಿಗೂ ಆ ಹೆಸರು ಬಂದದ್ದು ನಾನು ಏಳನೇ ತರಗತಿ ಪಾಸಾದ ಬೇಸಿಗೆಯಲ್ಲಿ. ಹರಪನಹಳ್ಳಿಯ ಸೋದರಮಾವ ತನ್ನ ಮಗಳು ಓಡಿಸಿ ಬಿಟ್ಟ ಲೇಡೀಸ್ ಸೈಕಲ್ಲೊಂದನ್ನು ನನಗೆಂದು ಬಸ್ಸಿನ ಮೇಲೆ ಹಾಕಿ ಕಳಿಸಿದ್ದ. ಚಕ್ರಗಳು ತುಕ್ಕು ತಿಂದು ಹೋಗಿದ್ದವು. ಅಪ್ಪನ ಹಳೇ ಸೈಕಲ್ಲಿನ ದೊಡ್ಡ ಚಕ್ರ ಅದಕ್ಕೆ ಕೂರಲಿಲ್ಲ; ಸೀಟು, ಬೆಲ್ಲು, ಕ್ಯಾರಿಯರ್ ಮಾತ್ರ ಕೂತವು. ಅವ್ವ ಅದನ್ನು ನೋಡಿ, "ಹೈಬ್ರಿಡ್ ಬೆಳಿ ಬಂತು ನೋಡು ನಮ್ಮನಿಗೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮೂರಿನ ಶಾಲೆ ಏಳನೇ ತರಗತಿಗೇ ಮುಗಿಯುತ್ತಿತ್ತು. ಹೈಸ್ಕೂಲಿಗೆ ಕೋಗಳಿಗೆ ಹೋಗಬೇಕು, ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಅಪ್ಪನದು ಒಂದೇ ಮಾತು: "ಸೈಕಲ್ ನೆಟ್ಟಗ ಓಡಿದ್ರ ಹೋಗು. ದಿನಾ ಪಂಚರ್ ಮಾಡ್ಕೊಂಡು, ಹೊತ್ತು ಮುಣುಗಿದ ಮ್ಯಾಲ ಒಬ್ಬಾಕಿನ ನಡಕೊಂಡು ಬರೋದಾದ್ರ ಸಾಲಿ ಬ್ಯಾಡ." ಆ ದಾರಿಯುದ್ದಕ್ಕೂ ಜಾಲಿ. ಹೊಲದ ಬೇಲಿಗೆಂದು ಮುಳ್ಳುಕಂಟಿ ಎಳೆದುಕೊಂಡು ಹೋಗುವವರು ಅರ್ಧ ಮುಳ್ಳನ್ನು ದಾರಿಗೇ ಉದುರಿಸಿ ಹೋಗುತ್ತಿದ್ದರು.

ಹೊಸ ಚಕ್ರಕ್ಕಾಗಿ ಅಪ್ಪ ನನ್ನನ್ನು ಕೊಟ್ಟೂರಿಗೆ ಕರೆದುಕೊಂಡು ಹೋದ. ಸೈಕಲ್ ಅಂಗಡಿಯಲ್ಲಿ ಹೊಸ ರಬ್ಬರಿನ ವಾಸನೆ. ಪಕ್ಕದ ಹೋಟೆಲಿನಿಂದ ಮಿರ್ಚಿ ಕರಿಯುವ ವಾಸನೆ. ನಮ್ಮ ಸೈಕಲ್ಲಿಗೆ ಸರಿಹೊಂದುವ ರಿಮ್ಮುಗಳನ್ನು ಅಂಗಡಿಯವನು ಇಳಿಸಿದ. ಅಪ್ಪ ಒಂದೊಂದನ್ನೂ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಓಲಾಡುತ್ತದೋ ಎಂದು ನೋಡಿದ. ನನ್ನ ಕಣ್ಣು ಮಾತ್ರ ಮೇಲೆ ತೂಗುಬಿಟ್ಟಿದ್ದ ತೆಳ್ಳನೆಯ, ಕೆಂಪು ಅಂಚಿನ ಟೈರಿನ ಮೇಲಿತ್ತು.

"ಅಪ್ಪಾ, ಅದು ಚಲೋ ಐತಿ."

ಅಪ್ಪ ಅದನ್ನು ಚಿವುಟಿ ನೋಡಿದ. "ಇದು ಮದಿವಿಗೆ ಹೋಗೋ ಟೈರು, ಸಾಲಿಗೆ ಹೋಗೋದಲ್ಲ."

ಕಡೆಗೆ ಆರಿಸಿದ್ದು ದಪ್ಪ ಗಡ್ಡೆಗಳಿದ್ದ ಕರಿ ಟೈರು. ಟ್ಯೂಬಿಗೆ ಗಾಳಿ ತುಂಬಿಸಿ, ನೀರಲ್ಲಿ ಮುಳುಗಿಸಿ, ಗುಳ್ಳೆ ಬಾರದ್ದನ್ನು ನೋಡಿಯೇ ಒಪ್ಪಿದ. ನಾನು ಮುಖ ಊದಿಸಿಕೊಂಡೇ ಮಂಡಕ್ಕಿ ಮಿರ್ಚಿ ತಿಂದೆ.

ಅಷ್ಟಾದರೂ ಅಪ್ಪನಿಗೆ ಸಮಾಧಾನವಿಲ್ಲ. ಮುಳ್ಳು ನಾಟಬಾರದೆಂದು ಟೈರಿನೊಳಗೆ ಹಳೇ ಟ್ಯೂಬು ಸೀಳಿ ಹಾಸುವುದು ನಮ್ಮ ಕಡೆ ಇದ್ದದ್ದೇ. ಅಪ್ಪ ಇನ್ನೂ ಮುಂದೆ ಹೋಗಿ, ಹಳೇ ಟೈರನ್ನೇ ಕುಡುಗೋಲಿನಿಂದ ಉದ್ದಕ್ಕೆ ಕೊಯ್ದು, ಆ ಪಟ್ಟಿಯನ್ನು ಹೊಸ ಟೈರಿನೊಳಗೆ ಕೂರಿಸಿದ. "ಇನ್ನ ಆನಿ ತುಳದ್ರೂ ಏನಾಗಂಗಿಲ್ಲ ತಗೋ" ಎಂದ.

ಶಾಲೆ ಶುರುವಾಗಿ ವಾರವಾಗಿರಲಿಲ್ಲ, ಹಿಂದಿನ ಚಕ್ರ ಗಾಳಿ ಹೋಗಿ ಕೂತಿತು. ಪ್ಯಾಚ್ ಹಾಕಿಸಿದರೆ ಮತ್ತೆ ಕೂತಿತು. ಟೈರಿನಲ್ಲಿ ಮುಳ್ಳು ಹುಡುಕಿದರೆ ಒಂದೂ ಸಿಗಲಿಲ್ಲ. ಒಂದು ಸಂಜೆ ಮತ್ತೆ ತಳ್ಳಿಕೊಂಡು ಬಂದಾಗ ಅಪ್ಪ ಊರ ಅಗಸೆಬಾಗಿಲಲ್ಲೇ ಕಾಯುತ್ತಿದ್ದ. "ಸಾಕು. ನಾಳಿಂದ ಹೋಗೋದು ಬ್ಯಾಡ" ಎಂದ. ನಾನು ಅಂಗಳದಲ್ಲಿ ಕೂತು ಜೋರಾಗಿ ಅತ್ತೆ.

ಅವ್ವ ಚಮಚದ ಹಿಡಿಯಿಂದ ಟೈರು ಎಬ್ಬಿಸಿ ಟ್ಯೂಬು ತೆಗೆದಳು. ಅವಳಿಗೆ ಸೈಕಲ್ಲಿನ ವಿಷಯ ಗೊತ್ತಿರಲಿಲ್ಲ. ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದು ಗೊತ್ತಿತ್ತು. ಟ್ಯೂಬನ್ನು ಮೊಣಕಾಲ ಮೇಲೆ ಹರವಿ, ಹಳೇ ಪ್ಯಾಚುಗಳನ್ನೂ ಹೊಸ ತೂತನ್ನೂ ನೋಡುತ್ತ ಕೂತಳು.

"ಇಲ್ಲಿ ಬರ್ರಿ" ಎಂದು ಅಪ್ಪನನ್ನು ಕರೆದಳು. "ಎಲ್ಲಾ ತೂತೂ ಒಂದ ಸಾಲಿನ್ಯಾಗ ಅದಾವು. ಮುಳ್ಳು ಹಿಂಗ ಸಾಲು ಹಿಡದು ಚುಚ್ಚತೈತೇನು? ಟೈರಿನೊಳಗ ಬೆರಳಾಡಸ್ರಿ."

ಅಪ್ಪ ಬೆರಳಾಡಿಸಿದ. ಅವನೇ ಕೊಯ್ದು ಹಾಕಿದ ಪಟ್ಟಿಯ ಅಂಚು ಟ್ಯೂಬನ್ನು ಕೊರೆಯುತ್ತಿತ್ತು. ಅಪ್ಪ ಪಟ್ಟಿಯನ್ನು ಎಳೆದು ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಚು ನುಣ್ಣಗಾಗುವವರೆಗೂ ತಿಕ್ಕಿದ. ಅವ್ವ ಹಳೇ ಸೀರೆ ಹರಿದು ಅದಕ್ಕೆ ಸುತ್ತ ಹೊಲಿದಳು. ಚಕ್ರ ಮತ್ತೆ ಕೂರಿಸಿದ ಮೇಲೆ ಅಪ್ಪ ನನ್ನ ಮುಖ ನೋಡದೆ ಹೇಳಿದ: "ಮುಂಜಾನಿ ಲಗೂನ ಏಳು. ಹೊತ್ತಾದ್ರ ಮಾಸ್ತರು ಬೈತಾರ."

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಅದೇ ಸೈಕಲ್ಲಿನಲ್ಲಿ. ಆಮೇಲೂ ಮುಳ್ಳು ಚುಚ್ಚಿತು, ತಳ್ಳಿಕೊಂಡೂ ಬಂದೆ. ಬ್ಯಾಡ ಎಂಬ ಮಾತು ಮಾತ್ರ ಅಪ್ಪನ ಬಾಯಿಂದ ಮತ್ತೆ ಬರಲಿಲ್ಲ.

ಈಗ ನನ್ನ ಮಗಳ ಸೈಕಲ್ಲಿಗೆ ಕಂಪನಿಯವರೇ ಇಟ್ಟ ಹೆಸರು ಹೈಬ್ರಿಡ್. ಮೊನ್ನೆ ಅದಕ್ಕೆ ಚಕ್ರ, ಟೈರು, ಟ್ಯೂಬು ಎಲ್ಲವನ್ನೂ ಅವಳೇ ಫೋನಿನಲ್ಲಿ ನೋಡಿ ಆರಿಸಿ ತರಿಸಿದಳು. ತೆಳ್ಳನೆಯ ಟೈರೇ. ನಾನು ಅಪ್ಪನ ಹಾಗೆ ಮದಿವಿಗೆ ಹೋಗೋ ಟೈರು ಎನ್ನಲಿಲ್ಲ. ಟ್ಯೂಬು ಕೂರಿಸುವ ಮುಂಚೆ ಸುಮ್ಮನೆ ಟೈರಿನೊಳಗೆ ಬೆರಳಾಡಿಸಿದೆ.

"ಏನು ಹುಡುಕ್ತೀ ಅವ್ವಾ?" ಎಂದಳು.

"ಏನಿಲ್ಲ" ಎಂದೆ. ನಿಜಕ್ಕೂ ಒಳಗೆ ಏನೂ ಇರಲಿಲ್ಲ, ನುಣ್ಣಗಿತ್ತು. ನನಗಾಗಿ ಅಷ್ಟು ಹೆದರಿ, ಟೈರಿನೊಳಗೊಂದು ಟೈರು ಕೂರಿಸಿದ್ದ ಅಪ್ಪ ಈಗಿಲ್ಲ.